ನೂರೆಂಟು ಮಣಿಯ ಲೆಕ್ಕ

ಹೊಳೆ ಏರುತ್ತಿತ್ತು. ಬೆಳಿಗ್ಗೆ ನಾಲ್ಕನೆಯ ಮೆಟ್ಟಿಲಲ್ಲಿದ್ದ ನೀರು ಈಗ ಐದನೆಯದನ್ನು ನುಂಗಿತ್ತು.

ಆರನೆಯ ಮೆಟ್ಟಿಲು ಮುಳುಗಿದ ಕೂಡಲೇ ಅಂಬಿಗ ಹಗ್ಗ ಬಿಚ್ಚುತ್ತಾನೆ. ಆಮೇಲೆ ಮಳೆಗಾಲದ ನಾಲ್ಕು ತಿಂಗಳು ಆ ದಡಕ್ಕೂ ದೋಣಿಯಿಲ್ಲ, ಈ ದಡಕ್ಕೂ ಇಲ್ಲ.

ದೇವಣಾರ್ಯರ ಆಶ್ರಮದಲ್ಲಿ ಗಣಿತ ಬಿಟ್ಟರೆ ಬೇರೆ ಪಾಠವಿರಲಿಲ್ಲ. ದೇವರು ಎಲ್ಲಿದ್ದಾನೆ ಎಂದು ಕೇಳಿಕೊಂಡು ಬಂದವರ ಕೈಗೂ ಅಲ್ಲಿ ಮೊದಲು ಸಿಗುತ್ತಿದ್ದದ್ದು ಒಂದು ಸಂಖ್ಯೆ. "ಇದನ್ನು ತಿಳಿದುಕೊಂಡು ಬಾ. ಆಮೇಲೆ ದೊಡ್ಡದನ್ನು ನೋಡೋಣ" ಎನ್ನುತ್ತಿದ್ದರು ಗುರುಗಳು.

ತಿಳಿಯುವುದೆಂದರೆ ಅದರ ಗುಣ ತಿಳಿಯುವುದು. ಹನ್ನೆರಡು ಕಲ್ಲುಗಳನ್ನು ನಾಲ್ಕು ನಾಲ್ಕರ ಮೂರು ಸಾಲಾಗಿ ಜೋಡಿಸಬಹುದು. ಹನ್ನೆರಡು ಒಡೆಯುವ ಸಂಖ್ಯೆ. ಹದಿಮೂರನ್ನು ಎಷ್ಟು ತಿಣುಕಿದರೂ ಸಮಸಾಲಿಗೆ ತರಲಾಗದು. ಅದು ಒಡೆಯದ ಸಂಖ್ಯೆ. ಆರನ್ನು ಭಾಗಿಸುವ ಒಂದು, ಎರಡು, ಮೂರನ್ನು ಕೂಡಿದರೆ ಮತ್ತೆ ಆರೇ ಬರುತ್ತದೆ; ಅದು ಪೂರ್ಣ. ಕೂಡಿದ್ದು ತನಗಿಂತ ಹೆಚ್ಚಾದರೆ ಸಿರಿವಂತ, ಕಡಿಮೆಯಾದರೆ ಬಡವ. ಚಿಕ್ಕವರ ಗುಣ ಬೇಗ ತಿಳಿದುಬಿಡುತ್ತದೆ. ದೊಡ್ಡವರದ್ದೇ ಕಷ್ಟ, ಸಂಖ್ಯೆಗಳಲ್ಲೂ ಮನುಷ್ಯರಲ್ಲೂ.

ದೊಡ್ಡ ಸಂಖ್ಯೆಯನ್ನು ಪರೀಕ್ಷಿಸಲು ಅಲ್ಲಿ ಜಪಮಾಲೆ ಬಳಸುತ್ತಿದ್ದರು. ಒಂದೊಂದು ಮಣಿಗೆ ಒಂದೊಂದು ಒಡೆಯದ ಸಂಖ್ಯೆ. ಮೊದಲ ಮಣಿ ಎರಡು, ಆಮೇಲೆ ಮೂರು, ಐದು, ಏಳು, ಹನ್ನೊಂದು. ಹೀಗೆ ಹೋಗಿ ನೂರೆಂಟನೆಯ ಮಣಿ ಐನೂರ ತೊಂಬತ್ತಮೂರು. ಪ್ರತಿ ಮಣಿಯಿಂದಲೂ ಭಾಗಿಸಿ ನೋಡುವುದು, ಶೇಷ ಉಳಿದರೆ ಮಣಿ ಸರಿಸುವುದು.

ತುದಿಯಲ್ಲಿ ಗುರುಮಣಿ. ಯಾವ ಜಪದಲ್ಲೂ ಅದನ್ನು ಎಣಿಸುವುದಿಲ್ಲ, ದಾಟುವುದೂ ಇಲ್ಲ. ಬೆರಳು ಅಲ್ಲಿಗೆ ಬಂದಾಗ ಕಣ್ಣಿಗೊತ್ತಿಕೊಂಡು ಹಿಂದಿರುಗಬೇಕು. ಆಶ್ರಮದವರೂ ಹಾಗೇ ಮಾಡುತ್ತಿದ್ದರು, ಯಾರಿಗೂ ಆ ಲೆಕ್ಕ ಕೈಕೊಟ್ಟಿರಲಿಲ್ಲ.

ಪಾಯಣ್ಣ ಅಲ್ಲಿ ಹನ್ನೆರಡು ವರ್ಷದಿಂದ ಶಿಷ್ಯ. ಈ ವರ್ಷ ಮೊದಲ ಸಲ ಅವನಿಗೆ ಪರೀಕ್ಷಕನ ಪೀಠ ಸಿಕ್ಕಿತ್ತು. ಸಿಕ್ಕ ದಿನದಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಆಶ್ರಮದಲ್ಲಿ ಅದುವರೆಗೆ ಯಾರೂ ಮುಟ್ಟದಷ್ಟು ದೊಡ್ಡ ಒಡೆಯದ ಸಂಖ್ಯೆಯನ್ನು ಹುಡುಕಬೇಕೆಂದು ಹೊರಟು, ಒಂದು ತಿಂಗಳು ಬೆವರು ಸುರಿಸಿ, ಒಂದನ್ನು ತಂದಿದ್ದ.

ಮೂರು ಲಕ್ಷದ ಐವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.

ಗುರುಗಳು ಅದನ್ನು ತಮ್ಮ ಮಾಲೆಯಲ್ಲೂ ಒಂದು ಸುತ್ತು ತಿರುಗಿಸಿ ನೋಡಿ "ಹೂಂ" ಎಂದಿದ್ದರು. ಪರೀಕ್ಷೆಗೆ ಇಡುವ ಸಂಖ್ಯೆ ಅವರ ಹೂಂ ಇಲ್ಲದೆ ಹೊರಗೆ ಬರುವಂತಿರಲಿಲ್ಲ.

ಮೆಟ್ಟಿಲುಗಳ ಮೇಲ್ಗಡೆ ಒಂದು ಬಂಡೆಯಿತ್ತು. ಒಡೆಯದ ಸಂಖ್ಯೆಗಳನ್ನೂ ಅವನ್ನು ಕಂಡವರ ಹೆಸರುಗಳನ್ನೂ ಅದರಲ್ಲಿ ಕೆತ್ತುತ್ತಿದ್ದರು. ಪಾಯಣ್ಣ ತನ್ನ ಸಂಖ್ಯೆಯನ್ನು ಅಲ್ಲಿ ಕೆಮ್ಮಣ್ಣಿನಿಂದ ಬರೆದಿಟ್ಟಿದ್ದ. ಪರೀಕ್ಷೆ ಮುಗಿದ ಮೇಲೆ ಉಳಿಯಿಂದ ಕೆತ್ತುವುದಷ್ಟೇ ಬಾಕಿ.

ಪರೀಕ್ಷೆ ಮುಗಿದಿತ್ತು. ಅವನು ಉಳಿ ಹಿಡಿದುಕೊಂಡೇ ಗುರುಗಳಲ್ಲಿಗೆ ಬಂದ.

ಗುರುಗಳು ಏಳನೆಯ ಮೆಟ್ಟಿಲಲ್ಲಿ ಕೂತು ನೀರು ನೋಡುತ್ತಿದ್ದರು. ಅವರ ಕಾಲ ಬುಡದಲ್ಲಿ, ಆರನೆಯ ಮೆಟ್ಟಿಲ ಮೇಲೆ, ಲೆಕ್ಕ ಬರೆಯಲು ಹರಡಿದ ಮರಳಿತ್ತು.

"ಮಾಕವ್ವೆ ಏನಾದಳು?" ಎಂದರು.

"ಸೋತಳು ಗುರುಗಳೇ. ಗಂಟು ಕಟ್ಟಿಕೊಂಡು ದೋಣಿಗೆ ಹೋದಳು."

"ಇದು ಮೂರನೆಯ ಸಲ."

"ಹೌದು."

"ಇನ್ನು ಈ ದಡಕ್ಕೆ ಬರುವಂತಿಲ್ಲ."

"ನಿಯಮ ಹಾಗಿದೆ" ಎಂದ ಪಾಯಣ್ಣ.

ಮಾಕವ್ವೆ ಹೊಳೆಯಾಚೆಯ ನೇಕಾರರ ಹೆಂಗಸು. ನಲವತ್ತು ದಾಟಿದವಳು. ಮಗ್ಗವನ್ನು ತಂಗಿಗೆ ಒಪ್ಪಿಸಿ, ಮೂರು ವರ್ಷ, ಪ್ರತಿ ಮಳೆಗಾಲಕ್ಕೆ ಮುಂಚೆ ಬಂದು ಪರೀಕ್ಷೆಗೆ ಕೂತಿದ್ದಳು. ಕೊಟ್ಟ ಸಂಖ್ಯೆ ಒಡೆಯುತ್ತದೋ ಇಲ್ಲವೋ ಹೇಳುವುದೇ ಪರೀಕ್ಷೆ. ಗೆದ್ದವರಿಗೆ ಆಶ್ರಮದಲ್ಲಿ ಜಾಗ. ಸೋತವರಿಗೆ ಕೊನೆಯ ದೋಣಿ. ಮೂರು ಸಲ ಸೋತವರಿಗೆ ಆಮೇಲೆ ಯಾವ ದೋಣಿಯೂ ಇಲ್ಲ.

"ಎಷ್ಟು ಹೊತ್ತು ತೆಗೆದುಕೊಂಡಳು?"

"ಗಳಿಗೆ ಬಟ್ಟಲು ಕಾಲುಭಾಗವೂ ತುಂಬಿರಲಿಲ್ಲ. ಸಂಖ್ಯೆ ನೋಡಿದಳು, ನಕ್ಕಳು, 'ಒಡೀತೈತೆ' ಅಂದುಬಿಟ್ಟಳು."

"ನಕ್ಕಳೇ?"

"ನಕ್ಕಳು."

ಆ ನಗು ಪಾಯಣ್ಣನ ಗಂಟಲಲ್ಲಿ ಇನ್ನೂ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ತಾನು ತಿಂಗಳು ಪೂರ್ತಿ ಒದ್ದಾಡಿದ ಸಂಖ್ಯೆಯನ್ನು ನೋಡಿ ಒಬ್ಬ ನೇಕಾರ ಹೆಂಗಸು ನಗುವುದೆಂದರೇನು?

"ಹೇಗೆ ಒಡೆಯುತ್ತದೆ ಎಂದು ಕೇಳಿದೆಯಾ?"

"ತಪ್ಪು ಉತ್ತರಕ್ಕೆ ಹೇಗೆ ಎಂದು ಯಾಕೆ ಕೇಳಬೇಕು ಗುರುಗಳೇ?"

ಗುರುಗಳು ಕೊರಳಿನ ಮಾಲೆ ತೆಗೆದು ಕೈಗೆ ತೆಗೆದುಕೊಂಡರು. ಅವರ ಹೆಬ್ಬೆರಳು ಗುರುಮಣಿಯ ಹತ್ತಿರ ಹೋಗುತ್ತಿತ್ತು, ನಿಲ್ಲುತ್ತಿತ್ತು.

ಪಾಯಣ್ಣ ಅದನ್ನು ಕಂಡ.

"ಅನುಮಾನವೇ ಗುರುಗಳೇ? ನೀವೂ ತಿರುಗಿಸಿ ನೋಡಿ ಹೂಂ ಅಂದಿದ್ದಿರಲ್ಲ?"

"ಅಂದಿದ್ದೆ. ಅದರ ಗುಣ ಇನ್ನೊಮ್ಮೆ ಹೇಳು."

"ಬೆಸ ಸಂಖ್ಯೆ. ಎರಡರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಮೂರರಿಂದ ಎರಡು. ನಾಲ್ಕರಿಂದ ಮೂರು. ಐದರಿಂದ ನಾಲ್ಕು. ಆರರಿಂದ ಐದು. ಆರರವರೆಗೆ ಯಾರ ಮನೆಗೆ ಹೋದರೂ ಒಂದೇ ಒಂದು ಕಡಿಮೆ. ಅದೇ ಅದರ ಚೆಲುವು."

"ಯಾವುದಕ್ಕೆ ಒಂದು ಕಡಿಮೆ?"

ಪಾಯಣ್ಣ ಆ ಪ್ರಶ್ನೆಯನ್ನು ಯಾವತ್ತೂ ಕೇಳಿಕೊಂಡಿರಲಿಲ್ಲ. ಕೇಳಿಸದವನಂತೆ ಮುಂದುವರಿದ.

"ಏಳರಿಂದ ಮೂರು ಉಳಿಯುತ್ತದೆ. ಹನ್ನೊಂದರಿಂದ ಎರಡು. ಹದಿಮೂರರಿಂದ ಮೂರು. ಒಂದು ಮಣಿಯನ್ನೂ ಬಿಟ್ಟಿಲ್ಲ. ಕೊನೆಗೆ ಐನೂರ ತೊಂಬತ್ತಮೂರರಿಂದ ನಲವತ್ತೆಂಟು. ಅಲ್ಲಿಗೆ ಮುಗಿಯಿತು."

"ಮುಗಿದದ್ದು ಮಾಲೆಯೋ, ಲೆಕ್ಕವೋ?"

ಕೆಳಗೆ ನೀರು ಮೆಟ್ಟಿಲಿಗೆ ಬಡಿದು ಹಿಂದೆ ಸರಿಯಿತು. ಆರನೆಯ ಮೆಟ್ಟಿಲಿಗೆ ಇನ್ನು ನಾಲ್ಕು ಬೆರಳಷ್ಟೇ ಉಳಿದಿತ್ತು.

"ಎಲ್ಲಿಯವರೆಗೆ ಭಾಗಿಸಿದರೆ ಸಾಕು ಎಂದು ಕಲಿಸಿದ್ದೆ ನಿನಗೆ?"

"ಯಾವ ಮಣಿಯನ್ನು ಅದರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆಯನ್ನು ಮೀರುತ್ತದೋ ಅಲ್ಲಿಗೆ ಸಾಕು."

"ನಿನ್ನ ಕೊನೆಯ ಮಣಿಯನ್ನು ಅದರಿಂದಲೇ ಗುಣಿಸು."

ಪಾಯಣ್ಣ ಬಗ್ಗಿ ಆರನೆಯ ಮೆಟ್ಟಿಲ ಮರಳಿನಲ್ಲಿ ಬರೆದ. ಐನೂರ ತೊಂಬತ್ತಮೂರನ್ನು ಐನೂರ ತೊಂಬತ್ತಮೂರರಿಂದ ಗುಣಿಸಿದ. ಬಂದದ್ದು ಮೂರು ಲಕ್ಷದ ಐವತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು.

ಮೀರಿರಲಿಲ್ಲ. ಇನ್ನೂ ಎಂಟು ಸಾವಿರಕ್ಕೂ ಹೆಚ್ಚು ಕಡಿಮೆಯಿತ್ತು.

ಎರಡನೆಯ ವರ್ಷದ ಶಿಷ್ಯನೂ ಮಾಡಬೇಕಾದ ಗುಣಾಕಾರ ಅದು. ಅವನು ಮಾಡಿರಲಿಲ್ಲ. ಆಶ್ರಮದಲ್ಲಿ ಯಾರೂ ಮಾಡುತ್ತಿರಲಿಲ್ಲ, ಯಾಕೆಂದರೆ ಅಲ್ಲಿಗೆ ಬಂದ ಸಂಖ್ಯೆಗಳಿಗೆಲ್ಲ ನೂರೆಂಟು ಮಣಿ ಬೇಕಾದಷ್ಟಾಗುತ್ತಿತ್ತು. ಅದಕ್ಕಿಂತ ದೊಡ್ಡದನ್ನು ಹುಡುಕಿಕೊಂಡು ಹೋದ ಮೊದಲ ಪುಣ್ಯಾತ್ಮ ಪಾಯಣ್ಣನೇ.

"ಮುಂದಿನ ಒಡೆಯದ ಸಂಖ್ಯೆ ಯಾವುದು?" ಗುರುಗಳ ದನಿ ಮೆತ್ತಗಿತ್ತು.

"ಐನೂರ ತೊಂಬತ್ತೈದು... ಅಲ್ಲ, ಐದಕ್ಕೆ ಒಡೆಯುತ್ತದೆ. ತೊಂಬತ್ತೇಳು ಮೂರಕ್ಕೆ ಒಡೆಯುತ್ತದೆ." ಇನ್ನೆರಡು ಕೂಡಿದ. "ಐನೂರ ತೊಂಬತ್ತೊಂಬತ್ತು."

"ಅದರ ಮಣಿ ತೋರಿಸು."

ಪಾಯಣ್ಣ ತನ್ನ ಮಾಲೆಯನ್ನು ತೆಗೆದ. ನೂರೆಂಟನೆಯ ಮಣಿ ಸರಿಸಿದ. ಬೆರಳು ಎಂದಿನಂತೆ ತಾನಾಗಿಯೇ ಹಿಂದಿರುಗಲು ನೋಡಿತು. ಅವನು ತಡೆದ. ಅದರ ಪಕ್ಕದಲ್ಲಿ ಇದ್ದದ್ದು ಒಂದೇ ಮಣಿ.

"ಗುರುಮಣಿ" ಎಂದ.

"ಭಾಗಿಸು."

"ಗುರುಗಳೇ, ಅದನ್ನು ಮುಟ್ಟಬಾರದು ಎಂದು..."

"ನೀರು ಬರುತ್ತಿದೆ. ಭಾಗಿಸು."

ಹೊಳೆಯ ಕೆಳಗಡೆ, ಒಂದು ಕೂಗಳತೆ ದೂರದಲ್ಲಿ, ಅಂಬಿಗ ಮೊದಲ ಸಲ ಶಂಖ ಊದಿದ.

ಪಾಯಣ್ಣ ಮರಳಿನಲ್ಲಿ ಬೆರಳೂರಿದ. ಐನೂರ ತೊಂಬತ್ತೊಂಬತ್ತು, ಆರುನೂರು ಸಲ: ಮೂರು ಲಕ್ಷದ ಐವತ್ತೊಂಬತ್ತು ಸಾವಿರದ ನಾನೂರು. ತನ್ನ ಸಂಖ್ಯೆಯಿಂದ ಅದನ್ನು ಕಳೆದ. ಉಳಿದದ್ದು ಐನೂರ ತೊಂಬತ್ತೊಂಬತ್ತು.

ಅಂದರೆ ಇನ್ನೊಂದು ಸಲ. ಒಟ್ಟು ಆರುನೂರ ಒಂದು ಸಲ. ಶೇಷ ಸೊನ್ನೆ.

ಒಡೆದಿತ್ತು.

ಅವನು ಆ ಸೊನ್ನೆಯನ್ನೇ ನೋಡುತ್ತ ಕೂತ. ಮೊದಲ ಅಲೆ ಆರನೆಯ ಮೆಟ್ಟಿಲನ್ನು ನೆಕ್ಕಿ ಹೋಯಿತು. ಮರಳಿನ ಒಂದು ಅಂಚು ಕರಗಿತು. ಎರಡನೆಯ ಅಲೆಗೆ ಸೊನ್ನೆಯೂ ಹೋಯಿತು.

ತಲೆಯೆತ್ತಿದ. ಗುರುಗಳು ಕಣ್ಣು ಮುಚ್ಚಿದ್ದರು. ಮುಚ್ಚಿ ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ.

ಲೆಕ್ಕವನ್ನು ಹೊಳೆ ಒಯ್ದಿತ್ತು. ನೋಡಿದವರು ಯಾರೂ ಇಲ್ಲ. ಮೇಲೆ ಬಂಡೆಯಲ್ಲಿ ಕೆಮ್ಮಣ್ಣಿನ ಸಂಖ್ಯೆ ಹಾಗೇ ಇತ್ತು, ಅಲ್ಲಿಗೆ ನೀರು ಯಾವ ಕಾಲಕ್ಕೂ ಬರುವುದಿಲ್ಲ. ಇನ್ನು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ದೋಣಿ ಹೋಗುತ್ತದೆ, ಆ ನಗುವೂ ಹೋಗುತ್ತದೆ. ಪಾಯಣ್ಣ ಕೆಟ್ಟವನಲ್ಲ. ಆದರೂ ಈ ಯೋಚನೆ ಅವನಿಗೆ ಬಂತು, ಬಂದದ್ದಷ್ಟೇ ಅಲ್ಲ, ಒಂದು ಕ್ಷಣ ಹಿತವಾಗಿಯೂ ಇತ್ತು. ಅದಕ್ಕೇ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಗುರುಗಳೇ."

"ಹೂಂ."

"ಪರೀಕ್ಷಕ ತನ್ನ ಮಾತು ಹಿಂದೆ ತೆಗೆದುಕೊಂಡರೆ?"

"ಗೊತ್ತಿದ್ದೂ ಕೇಳುತ್ತೀಯಲ್ಲ."

ಗೊತ್ತಿತ್ತು. ಸೋತವಳು ದೋಣಿಯಿಂದ ಇಳಿಯುತ್ತಾಳೆ, ಅವಳನ್ನು ಸೋಲಿಸಿದವನು ಅವಳ ಜಾಗದಲ್ಲಿ ಕೂತು ಹೊಳೆ ದಾಟುತ್ತಾನೆ. ಮುಂದಿನ ವರ್ಷ ಬಂದರೆ ಹೊಸಬನಾಗಿ ಬರಬೇಕು, ಎರಡು ಮೂರರಿಂದ ಶುರು ಮಾಡಬೇಕು.

"ನೀವು ಬಿಡಿಸಿ ಹೇಳಿ ಅವಳನ್ನು ಕರೆಸಿಕೊಳ್ಳಬಹುದಲ್ಲ?"

"ತೀರ್ಪು ಕೊಟ್ಟ ಬಾಯಿಯೇ ಹೇಳಬೇಕು. ನಾನು ಹೇಳಿದರೆ ಅವಳಿಗೆ ಸಿಗುವುದು ಕರುಣೆ. ಗೆಲುವಲ್ಲ."

"ಹನ್ನೆರಡು ವರ್ಷ ಗುರುಗಳೇ!" ಪಾಯಣ್ಣನ ಕಣ್ಣಲ್ಲಿ ನೀರು ಬಂತು. "ಹನ್ನೆರಡು ವರ್ಷ ಇಲ್ಲಿ ಕೂತಿದ್ದೇನೆ."

"ಹನ್ನೆರಡು ಒಡೆಯುವ ಸಂಖ್ಯೆ" ಎಂದರು ಗುರುಗಳು.

ಎರಡನೆಯ ಶಂಖ ಕೇಳಿಸಿತು. ಮೂರನೆಯದಕ್ಕೆ ಹಗ್ಗ.

ಪಾಯಣ್ಣ ಎದ್ದ. ಉಳಿಯನ್ನು ಮೆಟ್ಟಿಲ ಮೇಲೆ ಇಟ್ಟ. ಗುರುಗಳಿಗೆ ನಮಸ್ಕರಿಸುವುದನ್ನೂ ಮರೆತು ದಡದ ಕೆಸರಿನಲ್ಲಿ ಓಡಿದ.

ಹನ್ನೆರಡು ವರ್ಷ ಕೂತೇ ಕಾಲ ಕಳೆದವನು ಓಡಿದರೆ ಹೇಗಿರುತ್ತದೆ? ಎರಡು ಸಲ ಬಿದ್ದ. ಮಂಡಿ ತರಚಿತು. ಮೂರನೆಯ ಶಂಖ ಅವನ ಕಿವಿಯ ಹತ್ತಿರವೇ ಮೊಳಗಿತು. ಅಂಬಿಗ ಹಗ್ಗ ಬಿಚ್ಚಿ ಬಿದಿರಿನ ಜಲ್ಲೆ ಊರಿದ್ದ. ದೋಣಿಗೂ ದಡಕ್ಕೂ ನಡುವೆ ಒಂದು ಮಾರು ಕೆಂಪು ನೀರು ಬಂದಿತ್ತು.

ದೋಣಿಯಲ್ಲಿ ಮಾಕವ್ವೆ ದಡಕ್ಕೆ ಬೆನ್ನು ಮಾಡಿ ಕೂತಿದ್ದಳು, ಮಡಿಲಲ್ಲಿ ಗಂಟು.

"ಒಡೆಯುತ್ತದೆ!" ಪಾಯಣ್ಣ ಕೂಗಿದ. "ಮಾಕವ್ವೆ, ಒಡೆಯುತ್ತದೆ! ಐನೂರ ತೊಂಬತ್ತೊಂಬತ್ತು!"

ಅವಳು ತಿರುಗಿದಳು. ಮುಖ ಅತ್ತು ಊದಿತ್ತು.

"ಆರುನೂರ ಒಂದು!" ಎಂದು ತಿರುಗಿ ಕೂಗಿದಳು.

"ಅಂಬಿಗಣ್ಣ, ನಿಲ್ಲಿಸು!"

"ನಿಲ್ಸೋಕೆ ಇದೇನು ಎತ್ತಿನ ಗಾಡಿನಾ ಸ್ವಾಮಿ?" ಎಂದ ಅಂಬಿಗ. ಬೈಯುತ್ತಲೇ ಜಲ್ಲೆಯನ್ನು ಅಡ್ಡ ಊರಿ ದೋಣಿಯನ್ನು ತಡೆದು ಹಿಡಿದ. ಅವನ ತೋಳಿನ ನರಗಳು ಉಬ್ಬಿದವು. "ಬೇಗ ಮಾತಾಡ್ಕಳಿ. ಹೊಳೆ ನನ್ನ ಮಾತು ಕೇಳಲ್ಲ."

ಪಾಯಣ್ಣ ನೀರಿಗಿಳಿದ. ಸೊಂಟದವರೆಗೆ ಬಂತು. ದೋಣಿಯ ಅಂಚು ಹಿಡಿದುಕೊಂಡ. ಬೆಳಿಗ್ಗೆ ಕೇಳಬೇಕಿದ್ದ ಮಾತನ್ನು ಈಗ ಕೇಳಿದ.

"ಹೇಗೆ?"

"ಉದ್ದಕ್ಕೆ ಆರುನೂರು ಎಳೆ ಹಾಸು, ಅಡ್ಡಕ್ಕೆ ಆರುನೂರು ಎಳೆ ಹೊಕ್ಕು" ಎಂದಳು ಮಾಕವ್ವೆ. "ಎಳೆ ಎಳೆ ಕೂಡೋ ಕಡೆ ಒಂದೊಂದು ಚೌಕ ಅಂತ ಇಟ್ಕಳಿ. ಒಟ್ಟು ಮೂರು ಲಕ್ಷದ ಅರವತ್ತು ಸಾವಿರ. ನೀವು ಕೊಟ್ಟಿದ್ದು ಅದಕ್ಕೆ ಒಂದು ಕಮ್ಮಿ. ಮೂಲೇಲಿ ಒಂದು ಚೌಕ ಇಲ್ಲ ಅಷ್ಟೇ."

"ಆಮೇಲೆ?"

"ಕೊನೇ ಸಾಲಲ್ಲಿ ಐನೂರ ತೊಂಬತ್ತೊಂಬತ್ತೇ ಉಳೀತು. ಆ ಸಾಲು ಕಿತ್ತು ಪಕ್ಕಕ್ಕೆ ನಿಲ್ಸಿ. ಈಗ ಇರೋ ಸಾಲೂ ಐನೂರ ತೊಂಬತ್ತೊಂಬತ್ತು, ಸಾಲಿಗೆ ಆರುನೂರ ಒಂದು. ಮೂಲೆ ಸರಿಹೋತು."

ಪಾಯಣ್ಣನಿಗೆ ಆ ಬಟ್ಟೆ ಕಣ್ಣಿಗೆ ಕಟ್ಟಿತು. ಯಾರ ಮನೆಗೆ ಹೋದರೂ ಒಂದು ಕಡಿಮೆ ಇದ್ದದ್ದು ಯಾಕೆಂದು ಈಗ ಗೊತ್ತಾಯಿತು. ಸಂಖ್ಯೆಯನ್ನೇ ತಿಂಗಳು ಪೂರ್ತಿ ದಿಟ್ಟಿಸಿದ್ದ. ಅದರ ಪಕ್ಕದ ಮನೆಯ ಕಡೆ ಒಂದು ಸಲವೂ ತಿರುಗಿ ನೋಡಿರಲಿಲ್ಲ.

"ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ?"

"ಮತ್ತೆ ಆ ನಗು?"

"ನಮ್ಮನೆ ಮಗ್ಗ ಕಂಡಂಗಾತು ಸ್ವಾಮಿ. ಅದಕ್ಕೇ ನಗು ಬಂತು" ಎಂದಳು. ಹೇಳುತ್ತ ಮತ್ತೆ ಅತ್ತಳು.

ಪಾಯಣ್ಣ ಕೈ ಚಾಚಿ ಅವಳ ಗಂಟು ತೆಗೆದುಕೊಂಡ. "ಇಳಿಯವ್ವ. ಗೆದ್ದವಳು ನೀನು. ಈ ಜಾಗ ನಿನ್ನದಲ್ಲ, ನನ್ನದು."

ಅವಳು ಬೇಡವೆಂದಳು. ಅಂಬಿಗ ರೇಗಿದ. ಕೊನೆಗೆ ಅವಳು ನೀರಿಗಿಳಿದು, ಗಂಟು ಇಸಿದುಕೊಂಡು ದಡ ಹತ್ತಿದಳು. ಪಾಯಣ್ಣ ಒದ್ದೆ ಪಂಚೆಯಲ್ಲೇ ದೋಣಿ ಹತ್ತಿ ಅವಳು ಕೂತಿದ್ದ ಹಲಗೆಯ ನಟ್ಟನಡುವೆ ಕೂತ. ಕೈಯಲ್ಲಿ ಮಾಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಗಂಟಲಿನ ಮುಳ್ಳು ಹೋಗಿತ್ತು.

"ಹೊರಡು" ಎಂದ.

ಅಂಬಿಗ ಹೊರಡಲಿಲ್ಲ. ಅವನು ದಡದ ಕಡೆ ಬಾಯಿಬಿಟ್ಟುಕೊಂಡು ನೋಡುತ್ತಿದ್ದ.

ದೇವಣಾರ್ಯರು ಕೋಲೂರಿಕೊಂಡು ಕೆಸರಿನಲ್ಲಿ ಬರುತ್ತಿದ್ದರು. ಹಿಂದೆ ಶಿಷ್ಯರೆಲ್ಲ ಗಾಬರಿಯಿಂದ ಓಡಿಬರುತ್ತಿದ್ದರು. ಮೂವತ್ತು ವರ್ಷದಲ್ಲಿ ಗುರುಗಳು ಆ ಮೆಟ್ಟಿಲು ಬಿಟ್ಟು ಇತ್ತ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಅವರು ಮಾಕವ್ವೆಯ ಮುಂದೆ ನಿಂತು ಪರೀಕ್ಷಕರ ಗಳಿಗೆ ಬಟ್ಟಲನ್ನು ಅವಳ ಕೈಗಿಟ್ಟರು.

"ಮಳೆಗಾಲದ ಪಾಠ ನಿನ್ನದು ತಾಯಿ."

"ನಂದಾ? ನಾನೇನು ಕಲಿಸ್ಲಿ ಗುರುಗಳೇ?"

"ಹೇಗೆ ಎಂದು ಕೇಳುವುದನ್ನು ಕಲಿಸು. ಇಲ್ಲಿ ಯಾರಿಗೂ ಬರುವುದಿಲ್ಲ."

ಆಮೇಲೆ ಕೋಲನ್ನು ಮುಂದಿಟ್ಟು ನೀರಿಗಿಳಿದರು. ಅಂಬಿಗ ಬೆದರಿ ಕೈ ಚಾಚಿದ. ಪಾಯಣ್ಣ ದಿಗ್ಗನೆ ಎದ್ದು ನಿಂತ, ದೋಣಿ ಓಲಾಡಿತು.

"ಇದೇನು ಗುರುಗಳೇ? ತಪ್ಪಿದ್ದು ನನ್ನ ಮಾತು. ದೋಣಿ ನನ್ನದು. ನೀವು ಯಾಕೆ?"

ಗುರುಗಳು ಒದ್ದೆ ಕಾಲನ್ನು ಒಳಗೆಳೆದುಕೊಂಡರು.

"ಸ್ವಲ್ಪ ಸರಿದು ಕೂತುಕೋ ಪಾಯಣ್ಣ. ನಾನೂ ನೂರೆಂಟಕ್ಕೇ ನಿಂತಿದ್ದೆ."